ಗಾರ್ಡಮ್ಮ ಬಾವುಟ ತೋರಿಸಿದಳು

ನಮ್ಮ ಮನೆ ರೈಲ್ವೆ ಗೇಟಿಗೆ ಅಂಟಿಕೊಂಡಂತಿದೆ. ರೈಲು ಹತ್ತಿರ ಬಂದರೆ ನನ್ನ ಹೊಲಿಗೆ ಯಂತ್ರದ ಮೇಲಿನ ಗುಂಡಿಗಳ ಡಬ್ಬಿ ತಾನಾಗಿ ತಾಳ ಹಾಕುತ್ತದೆ. ಆ ಸದ್ದು ಕೇಳಿದರೆ ಸಾಕು, ತಮ್ಮನ ಮಗಳು ತಟ್ಟೆ ಬಿಟ್ಟು ಎಂಜಲು ಕೈಯಲ್ಲೇ ಬಾಗಿಲಿಗೆ ಓಡುತ್ತಾಳೆ. ಶಾಲೆಯ ಸಮವಸ್ತ್ರ ಹೊಲಿದು ಉಳಿದ ಹಸಿರು ತುಂಡಿಗೆ ಕಡ್ಡಿ ಸಿಕ್ಕಿಸಿ ನಾನೇ ಅವಳಿಗೊಂದು ಬಾವುಟ ಮಾಡಿಕೊಟ್ಟಿದ್ದೆ. ಅದನ್ನು ಬೀಸದಿದ್ದರೆ ರೈಲು ಮುಂದೆ ಹೋಗುವುದಿಲ್ಲವೆಂದು ಅವಳ ನಂಬಿಕೆ. ನಾಲ್ಕು ತುಂಬಿಲ್ಲ, ಜವಾಬ್ದಾರಿ ಮಾತ್ರ ದೊಡ್ಡದು. ಬೀದಿಯವರೆಲ್ಲ ಗಾರ್ಡಮ್ಮ ಎಂದೇ ಕರೆಯುತ್ತಾರೆ.

ನನ್ನ ತಮ್ಮ ಸರಕು ಹಡಗಿನಲ್ಲಿ ಅಡುಗೆಯವನು. ಮಗಳು ಅಂಬೆಗಾಲಿಡುತ್ತಿದ್ದಾಗ ಹೋದವನು, ಒಂದು ಹಡಗು ಇಳಿದು ಇನ್ನೊಂದು ಹತ್ತಿ, ಈ ಸಲವಷ್ಟೇ ರಜೆಗೆ ಬಂದ. ಬಾಗಿಲಲ್ಲಿ ನಿಂತು ಎರಡೂ ಕೈ ಚಾಚಿದರೆ ಮಗು ನನ್ನ ಬೆನ್ನ ಹಿಂದೆ ಅಡಗಿತು.

"ಅಪ್ಪ ಕಣೇ ಅದು," ಎಂದಳು ಮಗುವಿನ ತಾಯಿ.

"ಅಲ್ಲ. ಅಪ್ಪ ಫೋನಲ್ಲಿರೋದು," ಎಂದು ಗಾರ್ಡಮ್ಮ ಫೋನನ್ನೇ ತಂದು ಅವನ ಕೈಗಿಟ್ಟಳು. ಅಂದಿನಿಂದ ಅವನಿಗೆ 'ಮಾಮ' ಎಂಬ ಹೆಸರು ಗಟ್ಟಿಯಾಯಿತು.

ಅವನು ಮಾಡದ ಕಸರತ್ತಿಲ್ಲ. ಗೊಂಬೆ ಕೊಟ್ಟ, ಕುದುರೆಯಾದ. ಅಡುಗೆ ಮಾಡಿ ಮೆಚ್ಚಿಸಲು ಹೋದರೆ ಹಡಗಿನ ಅಳತೆ ಕೈ ಬಿಡದೆ ಇಡೀ ಬೀದಿಗೆ ಆಗುವಷ್ಟು ಬೇಯಿಸಿದ. ಬೀದಿ ತಿಂದಿತು, ಮಗಳು ಮುಖ ತಿರುಗಿಸಿದಳು.

"ಅಕ್ಕಾ, ನಾನು ಹೋಗೋದ್ರೊಳಗೆ ಒಂದ್ಸಲ ಅವಳ ಬಾಯಲ್ಲಿ ಅಪ್ಪ ಅನ್ನಿಸ್ಕೊಂಡ್ರೆ ಸಾಕು," ಎಂದ ಒಂದು ದಿನ ನನ್ನೆದುರು ಕೂತು, ಚೆಲ್ಲಿದ ಗುಂಡಿಗಳನ್ನು ಆರಿಸಿ ಡಬ್ಬಿಗೆ ಹಾಕುತ್ತ. "ರೈಲಲ್ಲಿ ಕೆರೆ ಪಾರ್ಕಿಗೆ ಕರ್ಕೊಂಡು ಹೋಗ್ತೀನಿ. ರೈಲು ಹತ್ತಿಸಿದವನನ್ನ ಮರೀತಾಳಾ?"

ಅವಳು ಅದುವರೆಗೆ ರೈಲು ಹತ್ತಿರಲಿಲ್ಲ. ಗೇಟಿನ ಪಕ್ಕದಲ್ಲೇ ಬದುಕುವವರು ಎಲ್ಲಿಗೆ ಹೋಗುವುದಿದ್ದರೂ ಬಸ್ಸಿಗೆ ಹೋಗುತ್ತೇವೆ, ಸ್ಟೇಷನ್ ದೂರ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ ಇವನು ಆಗಲೇ ಮಗಳು ಕೊರಳಿಗೆ ಜೋತುಬಿದ್ದ ಫೋಟೊ ಯಾವ ಗೋಡೆಗೆ ಹಾಕಲಿ ಎಂದು ನೋಡುತ್ತಿದ್ದ.

ಭಾನುವಾರ ಬೆಳಿಗ್ಗೆ ನಾಲ್ವರೂ ಹೊರಟೆವು. ಅದೊಂದು ನಿಧಾನದ ಪ್ಯಾಸೆಂಜರ್ ಗಾಡಿ. ತಮ್ಮ ಮಗಳಿಗೆ ಕಿಟಕಿ ಪಕ್ಕದ ಸೀಟು ಹಿಡಿದ, ಕರವಸ್ತ್ರದಿಂದ ಒರೆಸಿದ, ಕೂರಿಸಿದ. ಗಾಡಿ ಹೊರಟಿತು. ಗಾರ್ಡಮ್ಮ ಬಾವುಟ ಹಿಡಿದು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಸೀಟಿನ ಕೆಳಗೂ ಬಗ್ಗಿ ನೋಡಿದಳು.

"ರೈಲೆಲ್ಲಿ?"

"ಇದೇ ರೈಲು ಪುಟ್ಟಾ. ನಾವು ರೈಲೊಳಗೇ ಇದೀವಿ," ಎಂದ ತಮ್ಮ.

"ಇದು ರೂಮು!" ಎಂದವಳೇ ರಾಗ ತೆಗೆದಳು.

ತಪ್ಪೇನಿದೆ? ಎರಡು ಬೆಂಚು, ಒಂದು ಫ್ಯಾನು, ಗೊರಕೆ ಹೊಡೆಯುವ ಒಬ್ಬ ಮುದುಕ. ಇಂಥದ್ದು ಮನೆಯಲ್ಲೇ ಇರುತ್ತದೆ. ಅವಳಿಗೆ ಬೇಕಾದ ರೈಲು ಎದುರಿಗೆ ಉದ್ದಕ್ಕೆ ಹೋಗುವಂಥದ್ದು. ಇಷ್ಟು ಸಣ್ಣ ವಿಷಯ ಮನೆಯ ಮೂವರು ದೊಡ್ಡವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅವಳು ಅತ್ತು ಅತ್ತು ಮುದುಕನನ್ನು ಎಬ್ಬಿಸಿದಳು. ತಮ್ಮ ಸೀಟು ಒರೆಸಿದ ಕರವಸ್ತ್ರದಿಂದಲೇ ತನ್ನ ಮುಖ ಒರೆಸಿಕೊಂಡ.

ನಡುವಿನ ಒಂದು ಸ್ಟೇಷನ್ನಿನಲ್ಲಿ ಗಾಡಿ ನಿಂತಿತು. ನಿಂತೇ ಇತ್ತು.

"ಕ್ರಾಸಿಂಗ್ ಇರ್ಬೇಕು, ಎದುರಿನ ಗಾಡಿ ಬರೋವರೆಗೂ ಬಿಡಲ್ಲ. ಇಂಜಿನ್ ತೋರಿಸ್ಕೊಂಡು ಬರ್ತೀನಿ," ಎಂದು ಮಗಳನ್ನು ಎತ್ತಿಕೊಂಡ.

"ಬೇಡಾರೀ, ಬಿಟ್ಟುಬಿಟ್ರೆ?" ಎಂದಳು ಹೆಂಡತಿ. ಅವನ ಫೋನು ಅವಳ ಚೀಲದಲ್ಲೇ ಇತ್ತು.

ಅವನು ಇಳಿದು ನಾಲ್ಕು ಹೆಜ್ಜೆ ಹಾಕಿದನೋ ಇಲ್ಲವೋ, ಗಾಡಿ ಕದಲಿತು. ನಾವಿಬ್ಬರೂ ಕಿಟಕಿಯಿಂದ ಕೂಗಿದೆವು. ಅವನು ಓಡಿ ಬಂದ. ಬಾಗಿಲಿನ ಕಂಬಿಗೆ ಕೈಯೂ ತಾಗಿತು. ಅಷ್ಟರಲ್ಲಿ ಮಗು ಅವನ ಹೆಗಲ ಮೇಲಿಂದ ತಿರುಗಿ ಗಾಡಿಯನ್ನು ಇಡಿಯಾಗಿ ನೋಡಿತು. ಅಳು ನಿಂತಿತು, ಬಾವುಟ ಮೇಲೆದ್ದಿತು. ಅವನು ಅವಳ ಮುಖ ನೋಡಿದ, ಕಂಬಿ ಬಿಟ್ಟ. ಹಾಗೇ ನಿಂತು ಅವಳ ಜೊತೆ ತಾನೂ ಕೈ ಬೀಸತೊಡಗಿದ. ಹೆಂಡತಿ ಇಲ್ಲಿ ಎದೆ ಎದೆ ಬಡಿದುಕೊಳ್ಳುತ್ತಿದ್ದಾಳೆ, ಈ ಮಹಾರಾಯ ಅಲ್ಲಿ ಟಾಟಾ ಮಾಡುತ್ತಿದ್ದಾನೆ!

ಮುಂದಿನ ಸ್ಟೇಷನ್ನಿನಲ್ಲಿ ನಾವಿಳಿದೆವು. ಒಂದೇ ಒಂದು ಬೆಂಚಿತ್ತು, ಅದರ ಒಂದು ಹಲಗೆ ಮುರಿದಿತ್ತು. ಅದರ ಮೇಲೆ ಕೂತು ಅವಳು ಅತ್ತಳು, ನಾನು ತಮ್ಮನಿಗೆ ಬಯ್ಯಲು ಮಾತು ಜೋಡಿಸಿಕೊಂಡೆ. ಒಳ್ಳೊಳ್ಳೆಯವೇ ಸಿಕ್ಕವು. ಬಿಸಿಲೇರಿದ ಮೇಲೆ ಬಸ್ಸಿನಿಂದಿಳಿದು ಇಬ್ಬರೂ ಬಂದರು. ಗಾರ್ಡಮ್ಮ ಅವನ ಹೆಗಲ ಮೇಲೆ ಕೂತು ಕೂದಲನ್ನೇ ಹಿಡಿ ಮಾಡಿಕೊಂಡಿದ್ದಳು.

"ಅಮ್ಮಾ, ನಿಮ್ ರೈಲಿಗೆ ನಾನೂ ಅಪ್ಪನೂ ಟಾಟಾ ಮಾಡಿದ್ವಿ! ಅಪ್ಪ ಹೇಳ್ತು, ನೀವು ಬೆಂಚ್ ಮೇಲೆ ಕೂತಿರ್ತೀರಿ ಅಂತ. ಕೂತಿದೀರಿ!"

ತಾಯಿ ಬಯ್ಯುವುದು ಮರೆತು ಮಗಳನ್ನು ಅವನ ಹೆಗಲಿಂದ ಇಳಿಸಿಕೊಂಡಳು. ತಮ್ಮ ಚಪ್ಪಲಿಯ ಪಟ್ಟಿ ಸರಿ ಮಾಡುವವನ ಹಾಗೆ ಬಗ್ಗಿದ. ಎಷ್ಟು ಹೊತ್ತಾದರೂ ಆ ಪಟ್ಟಿ ಸರಿಯಾಗಲಿಲ್ಲ. ಪಾರ್ಕಿಗೆ ಹೋಗುವುದು ಯಾರಿಗೂ ನೆನಪಾಗಲಿಲ್ಲ. ಬುತ್ತಿಯನ್ನು ಆ ಮುರುಕು ಬೆಂಚಿನ ಮೇಲೇ ಬಿಚ್ಚಿ ಉಂಡೆವು. ನಾನು ಜೋಡಿಸಿಟ್ಟ ಬೈಗುಳವೆಲ್ಲ ದಂಡವಾಯಿತು.

ಆಮೇಲೆ ಉಳಿದ ರಜೆಯೆಲ್ಲ ಮನೆಯಲ್ಲಿ ಅಪ್ಪ, ಅಪ್ಪ, ಅಪ್ಪ. ಅವನು ಬಚ್ಚಲಿಗೆ ಹೋದರೂ ಬಾಗಿಲು ಬಡಿಯುತ್ತಿದ್ದಳು.

ಹಡಗು ಕಾಯುವುದಿಲ್ಲ. ಬಂದರಿಗೆ ಹೋಗಲು ಅವನು ರೈಲು ಹತ್ತುವ ದಿನ ನಾವು ಮೂವರೂ ಸ್ಟೇಷನ್ನಿಗೆ ಹೋದೆವು. ಮಗು ಅಳುತ್ತದೆ, ರಂಪ ಮಾಡುತ್ತದೆ ಎಂದು ನಾನು ಚೀಲದಲ್ಲಿ ಮಿಠಾಯಿ ಇಟ್ಟುಕೊಂಡು ಸಿದ್ಧವಾಗಿದ್ದೆ. ಅವಳು ಅಳಲಿಲ್ಲ. ಗಾಡಿ ಕದಲುತ್ತಲೇ ಬಾವುಟ ಎತ್ತಿದಳು. ಕಿಟಕಿಯಲ್ಲಿ ಅವನು ಕಣ್ಣೀರು ಒರೆಸಿಕೊಳ್ಳುತ್ತಿದ್ದ. ಇವಳು ಕುಣಿಕುಣಿದು ಬೀಸಿದಳು, ಕೊನೆಯ ಬೋಗಿ ತಿರುವಿನಲ್ಲಿ ಮರೆಯಾಗುವವರೆಗೂ ಬೀಸಿದಳು. ಆಮೇಲೆ ಬಾವುಟವನ್ನು ನೀಟಾಗಿ ಸುತ್ತಿ ಕಂಕುಳಲ್ಲಿಟ್ಟುಕೊಂಡಳು.

"ನಡಿ ಅತ್ತೆ, ಬೇಗ ಬಸ್ ಹತ್ತೋಣ. ಅಪ್ಪ ಬೆಂಚ್ ಮೇಲೆ ಕಾಯ್ತಿರುತ್ತೆ."

ಅವಳ ತಾಯಿ ಕಂಬದ ಕಡೆ ತಿರುಗಿ ನಿಂತುಬಿಟ್ಟಳು. ಗಾರ್ಡಮ್ಮ ಆಗಲೇ ನನ್ನ ಬೆರಳು ಹಿಡಿದು ಬಸ್ಸುಗಳು ನಿಲ್ಲುವ ಕಡೆಗೆ ಎಳೆಯುತ್ತಿದ್ದಳು.