ಸದಾನಂದ ಹೇಳಿದ ಪಿಚ್ಚರ್‌ಗಳು

ತೀರಿಕೊಂಡ ಮಗ ಸದಾನಂದನ ಹಣೆಗೆ ವಿಭೂತಿ ಹಚ್ಚುತ್ತಿದ್ದ ರುದ್ರವ್ವನ ಕೈ ಅರ್ಧಕ್ಕೇ ನಿಂತಿತು. ಪಕ್ಕದಲ್ಲಿ ಅಳುತ್ತ ಕುಳಿತಿದ್ದ ನೆರೆಮನೆಯ ಪಾರವ್ವನ ಕಡೆ ತಿರುಗಿದಳು.

"ಏನಂದಿ? ಯಾರು ಸತ್ತಳು?"

"ಆ ಪಿಚ್ಚರಿನ ತಾಯಿ, ಅಕ್ಕಾ. ನಮ್ಮ ಮನ್ಯಾಗ ವಿಡಿಯೊ ಹಾಕಿದ್ವಲ್ಲ. ಆಕಿ ಸತ್ತಾಗ ಸದಾನಂದ ಹೆಂಗ ಅತ್ತಿದ್ದ!"

"ಆಕಿ ಎಲ್ಲಿ ಸತ್ತಳು? ತವರಿಗೆ ಹೋದಳಲ್ಲ."

ಪಾರವ್ವ ಗಾಬರಿಯಿಂದ ರುದ್ರವ್ವನ ಸೊಸೆ ದೀಪಾಲಿಯ ಮುಖ ನೋಡಿದಳು. ಜ್ವರವೆಂದು ಮಲಗಿದ ಗಂಡ ವಾರದೊಳಗೆ ಹೆಣವಾಗಿದ್ದು ದೀಪಾಲಿಗೇ ಇನ್ನೂ ಅರ್ಥವಾಗಿರಲಿಲ್ಲ.

"ನಮ್ಮ ಅತ್ತಿಯವರಿಗೆ ಒಂದೀಟು ನೀರು ಕೊಡ್ರಿ," ಎಂದಳು.

*

ಸದಾನಂದ ಹುಡುಗನಾಗಿದ್ದಾಗ, ಅವನಪ್ಪ ಹೊಳಬಸಪ್ಪ ಕಟ್ಟಡದ ಮೇಲಿಂದ ಬಿದ್ದು ಸತ್ತ ವರ್ಷವೇ ಅವರಿದ್ದ ಪಿಂಪ್ರಿಯ ಚಾಳಿಗೆ ಬಾಡಿಗೆ ವಿಸಿಆರ್ ಬಂದಿತ್ತು. ದೀಪಾವಳಿ ರಜೆ. ಪಾರವ್ವನ ಮನೆಯ ಕಿಟಕಿಗೆ ಗೋಣಿಚೀಲ ಕಟ್ಟಿದ್ದರು. ಪರದೆಯಲ್ಲಿ ಮೊದಲ ಚಿತ್ರ ಮೂಡಿದಾಗ ಸದಾನಂದ ಬಾಯಲ್ಲಿದ್ದ ಚಕ್ಕಲಿ ಅಗಿಯುವುದನ್ನೇ ಮರೆತ. ಅವ್ವನಿಗೆ ಹಿಂದಿ ಬಾರದು. ಮಗ್ಗುಲಲ್ಲಿ ಕುಳಿತು ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳಿದ. ಪಿಚ್ಚರಿನ ನಡುವೆ ಸತ್ತ ಯಾರದೋ ಫೋಟೊಕ್ಕೆ ಹಾರ ಬಿತ್ತು. ರುದ್ರವ್ವ ಎದ್ದು ಹೋದಳು. ಅಂದು ಉಣ್ಣಲಿಲ್ಲ.

ಮುಂದಿನ ಸಲ ಹುಡುಗ ಬೆಳಿಗ್ಗೆಯೇ ಪಿಚ್ಚರ್ ನೋಡಿ, ಅತ್ತು, ಕಣ್ಣೊರೆಸಿಕೊಂಡ. ಮಧ್ಯಾಹ್ನ ಹೆಂಗಸರು ಕೂತಾಗ ಯಂತ್ರದ ಹತ್ತಿರ ಸರಿದು, ತಾಯಿ ಸಾಯುವ ಕಡೆ ಟೇಪ್ ಮುಂದೋಡಿಸುವ ಗುಂಡಿ ಒತ್ತಿದ. ಚಿತ್ರದ ಮೇಲೆ ಗೆರೆ ಎದ್ದು ಅದರೊಳಗಿನ ಜನರೆಲ್ಲ ಓಡತೊಡಗಿದರು.

"ಟೇಪ್ ಕೆಟ್ಟದ," ಎಂದ. ಆಮೇಲೆ ಅವ್ವನ ಕಿವಿಯಲ್ಲಿ, "ಆಕಿ ತವರಿಗೆ ಹೋದಳು."

*

"ಟೇಪ್ ಕೆಟ್ಟಿರಲಿಲ್ಲ, ಅಕ್ಕಾ," ಎಂದಳು ಪಾರವ್ವ. "ಯಾಕ ಹಂಗ ಮಾಡಿದನೋ, ನನಗೂ ತಿಳೀಲಿಲ್ಲ."

ದೀಪಾಲಿ ಅತ್ತೆಯ ಹತ್ತಿರ ಸರಿದಳು. "ಟಾಕೀಜಿನ್ಯಾಗ ಗುಂಡಿ ಎಲ್ಲಿರತದ, ಅತ್ತಿ? ಅಲ್ಲಿ ಚಿತೆ ಉರಿಯೂದು ನೀವೇ ನೋಡಿದ್ರಲ್ಲ?"

"ಅದು ಬರೀ ಕನಸು, ಅವ್ವಾ, ಅಂತಿದ್ದ."

ದೊಡ್ಡವನಾದ ಮೇಲೆ ಸದಾನಂದ ಶುಕ್ರವಾರ ಚಾಕಣದ ಕಾರ್ಖಾನೆ ಕೆಲಸ ಮುಗಿಸಿ ಒಬ್ಬನೇ ಹೋಗಿ ನೋಡಿದ ಪಿಚ್ಚರಿಗೇ ರವಿವಾರ ಅವ್ವನನ್ನು ಕರೆದೊಯ್ಯುತ್ತಿದ್ದ. ಬರೀ ಸಿನಿಮಾ ಹುಚ್ಚೆಂದು ದೀಪಾಲಿ ಜಗಳಾಡಿದ್ದಳು. ಹುಚ್ಚೇನು ಸುಳ್ಳಲ್ಲ. ಮನೆಗೆ ಬಂದು ನಾಯಕ, ಖಳ, ಪೊಲೀಸ್ ಎಲ್ಲರೂ ತಾನೇ ಆಗಿ ಕುಣಿದು ತೋರಿಸುತ್ತಿದ್ದ. ಆಗ ಅವನ ಕಣ್ಣುಗಳು ಹೊಳೆಯುತ್ತಿದ್ದವು. ಹಾಗಾದರೆ ಹೋಗುತ್ತಿದ್ದದ್ದು ಪಿಚ್ಚರಿಗಾಗಿಯೋ, ಅವ್ವನಿಗಾಗಿಯೋ? ಅವಳಿಗೆ ಬಗೆಹರಿಯಲಿಲ್ಲ. ಕೇಳೋಣವೆಂದರೆ ಅವನು ಮಾತಾಡುವಂತಿರಲಿಲ್ಲ.

"ಹಂಗಾದ್ರ ಅವರೆಲ್ಲಾ ಸತ್ತಿದ್ರೇನು?" ರುದ್ರವ್ವ ಕೇಳಿದಳು. "ಅಷ್ಟೂ ಮಂದಿ?"

ಹೊರಗೆ ಹೆಣದ ಗಾಡಿಯ ಡ್ರೈವರ್ ಮರಾಠಿಯಲ್ಲಿ ಕೂಗಿದ: "ಚಲಾ, ಉಶೀರ್ ಹೋತೋಯ್!"

"ಏನಂತಾನ?"

"ಇನ್ನೂ ಸ್ವಲ್ಪ ಹೊತ್ತು..." ದೀಪಾಲಿ ತಡವರಿಸಿದಳು.

"ಇದ್ದದ್ದು ಇದ್ದಂಗ ಹೇಳು."

"ತಡ ಆತು ಅಂತಾನ. ಒಯ್ತಾರ, ಅತ್ತಿ."

ಗಂಡಸರು ಒಳಗೆ ಬಂದು ಹೆಣ ಎತ್ತಲು ಬಾಗಿದರು. ನೋಡದಿರಲೆಂದು ದೀಪಾಲಿ ಅತ್ತೆಯ ಕಣ್ಣಿಗೆ ತನ್ನ ಸೆರಗು ಅಡ್ಡ ಹಿಡಿಯಲು ಹೋದಳು. ರುದ್ರವ್ವ ಆ ಸೆರಗನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಬಾಗಿಲ ತನಕ ನಡೆದು, ಮಗನನ್ನು ಒಯ್ಯುವುದನ್ನು ಎವೆಯಿಕ್ಕದೆ ನೋಡುತ್ತ ನಿಂತಳು.