ಸಾವಕ್ಕನ ಕೀಲಿಗೆ ಬಂದ ಕೀವು

ದೇವಿಕೊಪ್ಪದ ಸಾವಕ್ಕ ಗದ್ದೆಯ ಬದುವಿನ ಮೇಲೆ ಜಾರಿ ಬಿದ್ದಳು. ಸೊಂಟದ ಕೀಲು ಮುರಿಯಿತು. ಹುಬ್ಬಳ್ಳಿಯಲ್ಲಿ ಆಪರೇಶನ್ ಮಾಡಿ, ಮುರಿದ ಎಲುಬಿನ ಗುಂಡು ತೆಗೆದು ಲೋಹದ ಗುಂಡು ಕೂಡಿಸಿದರು. ಮಳೆಗಾಲಕ್ಕೆ ಮೊದಲೇ ಆಕೆ ಮತ್ತೆ ಓಡಾಡತೊಡಗಿದಳು.

ದೀಪಾವಳಿ ಹೊತ್ತಿಗೆ ಸೊಂಟ ಮತ್ತೆ ನೋಯಲು ಶುರುವಾಯಿತು. ಸಂಜೆಯಾದರೆ ಮೈ ಬಿಸಿ. ಹೊಲಿಗೆ ಹಾಕಿದ ಜಾಗ ಕೆಂಪಾಗಿ, ಸಣ್ಣ ಗುಳ್ಳೆ ಒಡೆದು, ಸೀರೆಗೆ ಕೀವು ಹತ್ತುತ್ತಿತ್ತು. ಗಂಡ ಮಡಿವಾಳೆಪ್ಪ ಅರಿಷಿಣ ಹಚ್ಚಿದ. ಕಲಘಟಗಿ ಅಂಗಡಿಯಿಂದ ಗುಳಿಗೆ ತಂದು ಕೊಟ್ಟ. ಕೀವು ನಿಂತಂತಾಯಿತು, ಮತ್ತೆ ಬಂತು.

ಬಾಜು ಮನೆಯ ಅಮೀರಬಿ ಇದನ್ನು ನೋಡಿದಳು. ಆಪರೇಶನ್ ಆದಾಗ ಸಾವಕ್ಕನ ಹತ್ತಿರ ದವಾಖಾನೆಯಲ್ಲಿ ಇದ್ದವಳು ಆಕೆಯೇ.

"ಅಣ್ಣಾರ, ಇದು ಮ್ಯಾಲಿನ ಗಾಯ ಅಲ್ರಿ. ಒಳಗ ಲೋಹ ಐತಿ. ಅದಕ್ಕ ಕಣ್ಣಿಗಿ ಕಾಣದ ರೋಗದ ಹುಳಾ ಹತ್ತಿದ್ರ ಅರಿಷಿಣ ಅಲ್ಲೀತನಕ ಮುಟ್ಟಂಗಿಲ್ಲ. ಕೀವು ಬಂದ್ರ ತಡಾ ಮಾಡಬ್ಯಾಡ್ರಿ ಅಂತ ನರ್ಸಬಾಯಿ ಹೇಳಿದ್ರು."

"ಈಗ ಹ್ವಾದ್ರ ಕಾಲು ಕಡೀತಾರ, ಅಮೀರಬಿ," ಅಂದ ಮಡಿವಾಳೆಪ್ಪ. "ಕುಂಟಿದ್ರೂ ಇರಲಿ, ಕಾಲಿನ ಮ್ಯಾಲ ಇರಲಿ."

"ಕಡೀತಾರಂತ ಯಾರು ಹೇಳ್ಯಾರ್ರೀ? ಹೋಗಿ ಕೇಳೂಣು. ಹಿಂಗಽ ಬಿಟ್ರ ಹುಳಾ ರಕ್ತಕ್ಕ ಏರತಾವ."

ಸಾವಕ್ಕ ಗೋಡೆ ಹಿಡಿದು ಎದ್ದಳು. "ನಾ ಹೊಂಟೇನಿ. ನೋವು ನಂದು."

ಮೂವರೂ ಮುಂಜಾನೆ ಬಸ್ಸಿಗೆ ಹುಬ್ಬಳ್ಳಿಗೆ, ಆಪರೇಶನ್ ಮಾಡಿದ ಡಾಕ್ಟರ ಹತ್ತಿರ ಹೊರಟರು.

ಡಾಕ್ಟರು ಎಕ್ಸ್‌ರೇ ತೆಗೆಸಿದರು, ರಕ್ತ ನೋಡಿದರು. ಗುಳಿಗೆ ತಗೊಂಡಿದ್ದೀರಾ ಎಂದು ಕೇಳಿದರು. ಮಡಿವಾಳೆಪ್ಪ ಜೇಬಿನಿಂದ ತೆಗೆದು ತೋರಿಸಿದ.

"ಇವನ್ನ ಸದ್ಯ ನಿಲ್ಲಸ್ರಿ," ಅಂದರು ಡಾಕ್ಟರು. "ಗುಳಿಗಿ ನುಂಗಿದ್ರ ಹುಳಾ ಪರೀಕ್ಷಾದಾಗ ಸಿಗಂಗಿಲ್ಲ. ಯಾವ ಹುಳಾ ಅಂತ ತಿಳಿದ್ರಽ ಸರಿಯಾದ ಔಷಧ ಕೊಡಾಕ ಬರತೈತಿ."

"ಕಾಲು ಉಳೀತೈತ್ರಿ?" ಮಡಿವಾಳೆಪ್ಪ ಕೇಳಿದ.

"ಉಳಸೂದು ನಮ್ಮ ಕೆಲಸ. ಛಲೋ ಆತು, ಈಗರ ಬಂದ್ರಿ."

ಸಾವಕ್ಕನನ್ನು ಅಲ್ಲೇ ಇಟ್ಟುಕೊಂಡರು. ಗುಳಿಗೆಯ ಗುಣ ಇಳಿಯಲೆಂದು ಕೆಲವು ದಿನ ಬಿಟ್ಟು, ಸೂಜಿ ಚುಚ್ಚಿ ಕೀಲಿನೊಳಗಿನ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಹುಳ ಯಾವುದೆಂದು ಗೊತ್ತಾಯಿತು. ಆಪರೇಶನ್ ಮಾಡಿ ಲೋಹದ ಗುಂಡು ಹೊರತೆಗೆದರು, ಒಳಗೆಲ್ಲ ತೊಳೆದರು. ವಾರಗಟ್ಟಲೆ ಇಂಜೆಕ್ಷನ್ ನಡೆದವು. ಅಮೀರಬಿ ಮನೆ ಬಿಟ್ಟು ಅಲ್ಲೇ ನಿಂತಳು, ಗೆಳತಿಯ ತಲೆ ಬಾಚಿದಳು, ಊಟ ಮಾಡಿಸಿದಳು. ಊರಲ್ಲಿ ಮಡಿವಾಳೆಪ್ಪ ಅಮೀರಬಿಯ ಎಮ್ಮೆಯನ್ನೂ ಹಿಂಡಿದ, ಒದೆಸಿಕೊಂಡ.

ಕೀವು ಪೂರ್ತಿ ಹೋಗಿದೆ ಎಂದು ಖಾತ್ರಿಯಾದ ಮೇಲೆ ಹೊಸ ಗುಂಡು ಕೂಡಿಸಿದರು. ಕಾಲು ಸ್ವಲ್ಪ ಗಿಡ್ಡಾಯಿತು. ಕೋಲು ಹಿಡಿದು ಸಾವಕ್ಕ ತನ್ನ ಕಾಲಿನ ಮೇಲೆ ತಾನೇ ನಡೆದು ಬಸ್ಸಿಳಿದಳು.

ಮಡಿವಾಳೆಪ್ಪ ಅಮೀರಬಿಯ ಮುಂದೆ ಕೈ ಜೋಡಿಸಿದ. "ತಂಗಿ, ನಾ ಬ್ಯಾಡಂದ್ರೂ ನೀ ಬಿಡಲಿಲ್ಲ. ಇಕಿ ಉಳದ್ಲು."

"ಕೈ ಇಳಸ್ರಿ ಅಣ್ಣಾರ. ಆಕಿ ಇಲ್ದ ನನಗೂ ಹೊತ್ತು ಹೋಗೂದಿಲ್ಲ," ಅಂದಳು ಅಮೀರಬಿ. ಸಾವಕ್ಕ ಗೆಳತಿಯ ಹೆಗಲಿಗೆ ತಲೆ ಇಟ್ಟಳು.

ಅಕ್ಕಂದಿರೇ, ಅಣ್ಣಂದಿರೇ, ಕೀಲು ಬದಲಿಸಿಕೊಂಡವರು ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇದ್ದರೆ ಕೇಳಿರಿ. ಆ ಜಾಗ ಮತ್ತೆ ನೋಯುತ್ತಿದ್ದರೆ, ಬಾತು ಕೆಂಪಾದರೆ, ಜ್ವರ ಬಂದರೆ, ಕೀವು ಸೋರಿದರೆ ಆಪರೇಶನ್ ಮಾಡಿದ ಡಾಕ್ಟರ ಹತ್ತಿರ ಕೂಡಲೇ ಕರೆದೊಯ್ಯಿರಿ. ನಿಮ್ಮಷ್ಟಕ್ಕೆ ಗುಳಿಗೆ ನುಂಗಿಸಬೇಡಿರಿ. ಅವರು ಅಂಜಿದರೆ ನೀವು ಜೊತೆಗೆ ಹೋಗಿರಿ.