ನಾಲ್ಕನೇ ಸಾಲಿನ ಅಂಕಿ

ಪತ್ರಿಕೆಯಲ್ಲಿ ಆ ಪಟ್ಟಿಯನ್ನು ಮೊದಲು ನೋಡಿದ್ದು ನನ್ನ ಗಂಡ. ಅವರದು ಕನ್ನಡಕದ ಅಂಗಡಿ. ಎಷ್ಟು ಸಣ್ಣ ಅಕ್ಷರವಿದ್ದರೂ ಬಿಡದೆ ಓದುತ್ತಾರೆ.

"ಏನೇ, ನಿಮ್ಮ ಆಫೀಸಿನ ಮಾನ ಮೊದಲನೇ ಪುಟದಲ್ಲೇ ಹರಾಜಿಗೆ ಬಿದ್ದಿದೆಯಲ್ಲೇ! ಹದಿನೆಂಟು ಸಾವಿರ ಫೋನು ಕದ್ದು ಕೇಳ್ತಾರಂತೆ. ನಂದೂ ಇದೆಯೋ ಅದರಲ್ಲಿ?"

"ನಿಮ್ಮ ಮಾತು ಕೇಳೋಕೆ ಒಬ್ಬನನ್ನ ಕೂರಿಸಿದರೆ ಅವನು ಮೊದಲನೇ ದಿನವೇ ಗೊರಕೆ ಹೊಡೀತಾನೆ. ಪೇಪರ್ ಕೊಡಿ ಇಲ್ಲಿ."

ಅವರು ನಕ್ಕರು. ಆದರೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವರ ಫೋನು ಕುಕ್ಕರಿನೊಳಗೆ ಸೇರಿತ್ತು, ಮೇಲೆ ಮುಚ್ಚಳ ಬೇರೆ. ಹದಿನಾಲ್ಕು ವರ್ಷ ಸಂಸಾರ ಮಾಡಿದ ಮನುಷ್ಯ ಆ ಬೆಳಗ್ಗೆ ನನ್ನ ಮುಖವನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿದರು. ನಾನೂ ತಲೆ ತಗ್ಗಿಸಿದೆ. ನನ್ನ ಕೆಲಸ ಏನೆಂದು ಅವರು ಕೇಳಿದಾಗಲೆಲ್ಲ "ಲೆಕ್ಕ ತಾಳೆ ನೋಡೋದು" ಎಂದಷ್ಟೇ ಹೇಳಿದ್ದೆ. ಅದು ಸುಳ್ಳಲ್ಲ.

ನಮ್ಮ ಇಲಾಖೆ ಜನರ ಫೋನ್ ಮಾತು ಕೇಳಿಸಿಕೊಳ್ಳುತ್ತದೆ. ಕೇಳುವವರು ಮೇಲಿನ ಮಹಡಿಯವರು, ನಾವಲ್ಲ. ಎಷ್ಟು ಫೋನುಗಳನ್ನು ಕೇಳಿದ್ದಾರೆ ಎಂಬ ಎಣಿಕೆಯನ್ನು ಒರೆಗೆ ಹಚ್ಚುವುದು ನನ್ನ ಮತ್ತು ಮೇಷ್ಟ್ರ ಕೆಲಸ. ಮೇಷ್ಟ್ರು ಎಂದರೆ ನನ್ನ ಹಿರಿಯ ಸಹೋದ್ಯೋಗಿ. ಇಲಾಖೆಗೆ ಬರುವ ಮುಂಚೆ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದ್ದರಿಂದ ಆ ಹೆಸರು ಅಂಟಿಕೊಂಡಿದೆ. ಪ್ರತಿ ವಾರ ಐದು ವಲಯಗಳಿಂದ ಫೋನ್ ನಂಬರುಗಳ ಹಾಳೆಗಳು ಬರುತ್ತವೆ. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಗುರುತು ಹಾಕಬೇಕು. ಎಣಿಕೆ ಬರೆದುಕೊಂಡ ಮೇಲೆ ಶುಕ್ರವಾರ ಸಂಜೆ ಹಾಳೆಗಳು ಕತ್ತರಿಸುವ ಯಂತ್ರದ ಬಾಯಿಗೆ. ಆರು ತಿಂಗಳಿಗೊಮ್ಮೆ ಎಲ್ಲವನ್ನೂ ಒಂದು ಪಟ್ಟಿ ಮಾಡಿ ಮೇಲಕ್ಕೆ ಕಳಿಸುತ್ತೇವೆ. ಅದಾದ ಮೇಲೆ ವಾರದ ಎಣಿಕೆಯ ಪುಸ್ತಕವೂ ಅದೇ ಯಂತ್ರಕ್ಕೆ.

ಪಟ್ಟಿಯಲ್ಲಿ ಎರಡು ಕಾಲಂ. ಒಂದು, ನ್ಯಾಯಾಲಯದ ಅನುಮತಿ ಪಡೆದು ಕೇಳಿದ್ದು: ಇನ್ನೂರ ಹನ್ನೆರಡು. ಇನ್ನೊಂದರ ತಲೆಬರಹ 'ಪರೀಕ್ಷಾರ್ಥ'. ಯಂತ್ರ ಸರಿಯಾಗಿದೆಯೇ ಎಂದು ನೋಡಲು ಕೇಳಿದ್ದು ಎಂದು ಅರ್ಥ. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಆ ಕಾಲಂ ಸಾವಿರಗಳಲ್ಲಿ ಓಡುತ್ತದೆ. ಯಾವ ಯಂತ್ರಕ್ಕೂ ಅಷ್ಟು ಪರೀಕ್ಷೆ ಬೇಕಾಗುವುದಿಲ್ಲವೆಂದು ತಿಳಿಯಲು ವಿಜ್ಞಾನ ಓದಬೇಕಾಗಿಲ್ಲ. ಆ ಕಾಲಂ ಶುರುವಾದ ಮೂರು ವರ್ಷದಿಂದಲೂ ನನಗೆ ಅದು ಗೊತ್ತಿತ್ತು.

ಪತ್ರಿಕೆಯಲ್ಲಿ ಬಂದದ್ದು ಆ ಪಟ್ಟಿಯೇ.

ಅವತ್ತು ಗೇಟಿನಲ್ಲಿ ಚೀಲದ ತಳ ಮಗುಚಿ ನೋಡಿದರು. ಕಾರಿಡಾರಿನಲ್ಲಿ ಇಬ್ಬರು ನಿಂತು ಮಾತಾಡುತ್ತಿದ್ದರೆ ಮೂರನೆಯವನು ಬರುತ್ತಲೇ ಇಬ್ಬರೂ ಹವಾಮಾನದ ವಿಷಯ ತೆಗೆಯುತ್ತಿದ್ದರು. ಚಹಾ ತರುವವನು ಲೋಟ ಇಟ್ಟು, "ಮೇಡಂ, ನಾನು ಓದೋಕೆ ಬರೆಯೋಕೆ ಬಾರದವನು, ಎಲ್ಲರಿಗೂ ಹೇಳಿಬಿಡಿ" ಎಂದ. ವಾರದ ಹಿಂದಷ್ಟೇ ಅವನು ನನ್ನಿಂದ ಪದಬಂಧದ ಪುಟ ಹರಿದುಕೊಂಡು ಹೋಗಿದ್ದ.

ಹನ್ನೊಂದಕ್ಕೆ ನಿರ್ದೇಶಕರು ಕರೆಸಿದರು.

"ಕೂತ್ಕೊಳ್ಳಿ ಮೇಡಂ. ಒಳ್ಳೆ ಸುದ್ದಿ ಇದೆ. ಪತ್ರಿಕೆಯವರ ಪಟ್ಟಿ ನಕಲಿ."

"ನಕಲಿ?"

"ನಾಲ್ಕನೇ ವಲಯ ನೋಡಿ. ನಮ್ಮ ದಾಖಲೆಯಲ್ಲಿ 2,734. ಅವರದರಲ್ಲಿ 2,374. ನಮ್ಮ ಮೊತ್ತ 18,766. ಅವರದು 18,406. ತಾಳೆಯೇ ಆಗಲ್ಲ. ವಿಚಾರಣೆಗೆ ಒಬ್ಬ ನಿವೃತ್ತ ನ್ಯಾಯಾಧೀಶರನ್ನ ನೇಮಿಸ್ತಾರಂತೆ. ನಮ್ಮ ಪಟ್ಟಿ ರಹಸ್ಯ, ಅದನ್ನ ಅವರಿಗೂ ತೋರಿಸೋ ಹಾಗಿಲ್ಲ. ತಾಳೆ ನೋಡೋ ನೀವಿಬ್ಬರೂ 'ಇದು ನಮ್ಮ ದಾಖಲೆ ಅಲ್ಲ' ಅಂತ ಒಂದು ಪ್ರಮಾಣಪತ್ರ ಕೊಟ್ಟರೆ ವಿಚಾರಣೆ ಅಲ್ಲಿಗೆ ಮುಗೀತು. ಸೋಮವಾರ ಸಹಿ ಹಾಕಿ."

"ಸರಿ ಸಾರ್."

"ಒಂದು ಮಾತು." ಅವರು ಕನ್ನಡಕ ತೆಗೆದರು. "ನಕಲಿ ಆದರೂ ನಮ್ಮ ಪಟ್ಟಿ ನೋಡಿದವನೇ ಮಾಡಿರಬೇಕು. ಕಣ್ಣಿಟ್ಟಿರಿ."

ಹೊರಗೆ ಬಂದು ನನ್ನ ಮೇಜಿನಲ್ಲಿ ಕೂತೆ. ಎರಡು ಮೊತ್ತಗಳ ವ್ಯತ್ಯಾಸ ಮುನ್ನೂರ ಅರವತ್ತು. ಅದನ್ನು ಒಂಬತ್ತರಿಂದ ಭಾಗಿಸಿದೆ. ನಲವತ್ತು, ಶೇಷ ಉಳಿಯಲಿಲ್ಲ. ಅಂಕಿಗಳ ಜೊತೆ ಬದುಕುವವರಿಗೆ ಇದು ಹಳೆಯ ಉಪಾಯ: ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರುವ ಸಂಭವ ಹೆಚ್ಚು. ಏಳು ಮೂರು, ಮೂರು ಏಳು. ಯಾವುದು ಮೂಲ, ಯಾವುದು ತಪ್ಪು?

ಪಟ್ಟಿಯನ್ನು ಟೈಪ್ ಮಾಡಿದ್ದು ನಾನು. ಅವತ್ತು ನನಗೆ ಹಲ್ಲುನೋವು, ಅರ್ಧ ದಿನ ರಜೆ ಹಾಕುವ ಅವಸರದಲ್ಲಿದ್ದೆ. ನಾಲ್ಕನೇ ವಲಯ ಎಂದೂ ವಾರಕ್ಕೆ ನೂರು ದಾಟಿದ್ದಿಲ್ಲ. ಇಪ್ಪತ್ತಾರು ವಾರಕ್ಕೆ 2,734 ಆಗಬೇಕಾದರೆ ಸರಾಸರಿಯೇ ನೂರೈದು ದಾಟಬೇಕು. ತಪ್ಪು ಇಲಾಖೆಯ ಪಟ್ಟಿಯಲ್ಲಿತ್ತು, ಮತ್ತು ಅದು ನನ್ನ ತಪ್ಪು. ಪತ್ರಿಕೆಯ ಅಂಕಿಯೇ ಸರಿ.

ಕದ್ದವನು ನಕಲು ಮಾಡುವಾಗ ತಿದ್ದಿ ಕೊಟ್ಟಿದ್ದಾನೆ! ಬೇರೆ ಯಾರಾದರೂ ಆಗಿದ್ದರೆ ಇದ್ದದ್ದನ್ನು ಇದ್ದ ಹಾಗೇ ಫೋಟೋ ತೆಗೆದು ಕೊಡುತ್ತಿದ್ದರು. ಸಿಕ್ಕಿಬೀಳುವ ಭಯದ ನಡುವೆಯೂ ತಪ್ಪು ಅಂಕಿಯನ್ನು ಅಚ್ಚಿಗೆ ಕಳಿಸಲು ಮನಸ್ಸು ಒಪ್ಪದವರು, ಸರಿಯಾದ ಅಂಕಿ ಗೊತ್ತಿದ್ದವರು, ಈ ಕಟ್ಟಡದಲ್ಲಿ ಇಬ್ಬರೇ. ಅವರಲ್ಲಿ ನಾನು ಕೊಟ್ಟಿಲ್ಲ.

ಎದುರಿನ ಮೇಜಿನಲ್ಲಿ ಮೇಷ್ಟ್ರು ಪೆನ್ಸಿಲು ಹೆರೆಯುತ್ತಿದ್ದರು.

ಅಲ್ಲಿಂದ ಮುಂದೆ ನನಗೆ ಅವರ ಒಂದೊಂದು ನಡೆಯೂ ಬೇರೆಯಾಗಿ ಕಂಡಿತು. ಈ ವರ್ಷದ ಆರಂಭದಲ್ಲಿ ನಾಲ್ಕನೇ ವಲಯದ ಹಾಳೆ ಓದುತ್ತಿದ್ದವರು ಒಂದು ನಂಬರಿನ ನಡುವೆ ನಿಲ್ಲಿಸಿ ನೀರು ಕುಡಿದಿದ್ದರು. ಗಂಟಲು ಒಣಗಿರಬೇಕೆಂದುಕೊಂಡಿದ್ದೆ. ಆಮೇಲೆ ಆ ವಲಯದ ಹಾಳೆಗಳನ್ನು ತಾವೇ ಓದುತ್ತೇನೆಂದು ಹಟ ಹಿಡಿದರು. ಬಡ್ತಿ ತಪ್ಪಿ ಎರಡು ವರ್ಷವಾಗಿತ್ತು, ಅದರ ಸೇಡೇ? ತಪ್ಪು ಕಂಡಾಗ ನನಗೆ ಯಾಕೆ ಹೇಳಲಿಲ್ಲ? ನಾಳೆ ಯಾರಾದರೂ ಒಂಬತ್ತರಿಂದ ಭಾಗಿಸಿ ನೋಡಿದರೆ ಟೈಪ್ ಮಾಡಿದವಳ ಕಡೆಗೇ ಬೆರಳು ತಿರುಗಲಿ ಎಂದೇ?

ಭಾನುವಾರ ಬೆಳಗ್ಗೆ ಹತ್ತಕ್ಕೆ ಅವರ ಮನೆಗೆ ಹೋದೆ. ಮೇಷ್ಟ್ರು ಬನಿಯನ್ನಿನಲ್ಲಿ ನಿಂತು ಮಗಳ ಬಿಳಿ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದರು. ಮಗಳು ದೊಡ್ಡಾಸ್ಪತ್ರೆಯಲ್ಲಿ ನರ್ಸು. ಅವರ ಹೆಂಡತಿ ಟಿವಿ ನೋಡುತ್ತಿದ್ದವರು ನನ್ನನ್ನು ಕಂಡು ಎದ್ದು, "ಬಾಮ್ಮ, ಅಪರೂಪಕ್ಕೆ ಬಂದೆ" ಎಂದು ಚಹಾ ಮಾಡಲು ಒಳಗೆ ಹೋದರು. ಮೇಷ್ಟ್ರು ಟಿವಿಯ ದನಿ ಇನ್ನಷ್ಟು ಏರಿಸಿದರು. ಅಷ್ಟರಿಂದಲೇ ನನ್ನ ಅನುಮಾನ ಅರ್ಧ ಖಾತ್ರಿಯಾಯಿತು.

"ಎರಡು ಸಾವಿರದ ಮುನ್ನೂರ ಎಪ್ಪತ್ನಾಲ್ಕು" ಎಂದೆ.

ಇಸ್ತ್ರಿಪೆಟ್ಟಿಗೆ ತೋಳಿನ ಮೇಲೆ ನಿಂತಿತು. ಬಟ್ಟೆ ಸೀಯುವ ವಾಸನೆ ಬರುವ ಹೊತ್ತಿಗೆ ಎತ್ತಿಟ್ಟರು.

"ಒಂಬತ್ತರಿಂದ ಭಾಗಿಸಿದೆಯಾ?"

"ನೀವೇ ಕಲಿಸಿದ್ದು."

"ಹೂಂ. ಕಲಿಸಬಾರದಿತ್ತು." ನಗಲು ನೋಡಿದರು, ಆಗಲಿಲ್ಲ. "ಅದು ಕೈ ತಪ್ಪಿ ಆದದ್ದಮ್ಮ. ನಕಲು ಬರೀತಾ ಹೋದೆ, ನಾಲ್ಕನೇ ಸಾಲಿಗೆ ಬಂದಾಗ ಕೈ ತಾನೇ ಸರಿಯಾದ್ದನ್ನ ಬರೀತು, ಮೊತ್ತವೂ ಅದರಂತೆ ಬಂತು. ತಪ್ಪು ಅಂತ ಗೊತ್ತಿದ್ದೂ ಬರೆಯೋದು ಹ್ಯಾಗೆ, ಹೇಳು?"

"ನನಗೆ ಯಾಕೆ ಹೇಳಲಿಲ್ಲ?"

"ಪಟ್ಟಿ ಹೋದ ಮೇಲೆ ಕಣ್ಣಿಗೆ ಬಿತ್ತು. ಹೇಳಿದ್ದರೆ ತಿದ್ದುಪಡಿ ಕಳಿಸಬೇಕು, ನಿನಗೆ ಮೆಮೊ ಬರ್ತಿತ್ತು. ಇದೊಂದು ಅಂಕಿಯಿಂದ ಯಾರಿಗೆ ಏನಾಗಬೇಕು ಅಂತ ಬಿಟ್ಟೆ."

ನಂಬಬೇಕೆನಿಸಿತು, ಪೂರ್ತಿ ನಂಬಲಾಗಲಿಲ್ಲ.

"ಅವತ್ತು ಓದ್ತಾ ನೀರು ಕುಡಿದಿರಲ್ಲ. ಯಾರ ನಂಬರು?"

ಅವರು ಸಮವಸ್ತ್ರವನ್ನು ಮಡಿಸಿದರು, ಬಿಡಿಸಿದರು. "ಇವಳದು. ನರ್ಸುಗಳ ಸಂಘದ ಕಾರ್ಯದರ್ಶಿ ಆದಳಲ್ಲ, ಅದಕ್ಕೆ."

"ಅಂದರೆ ಮೂರು ವರ್ಷ ಊರವರ ಫೋನೆಲ್ಲ ನೀವು ಗುರುತು ಹಾಕಿದಿರಿ. ಮಗಳದ್ದು ಬಂದಾಗ ಅದು ಅನ್ಯಾಯ ಅಂತ ಹೊಳೀತು."

"ಹೌದು." ಮೇಷ್ಟ್ರು ತಲೆಯೆತ್ತಿದರು. "ಅಲ್ಲೀವರೆಗೆ ಅದು ಅಂಕಿ ಆಗಿತ್ತು. ನಿನಗೆ ಇನ್ನೂ ಅಂಕಿಯೇ, ಅಲ್ಲವಾ?"

ನಾನು ಸಮವಸ್ತ್ರದ ತೋಳಿನ ಮೇಲಿನ ಸೀದ ಗುರುತನ್ನು ನೋಡಿದೆ.

ಚಹಾ ಬಂತು. ಅವರ ಹೆಂಡತಿ ಹೋಗುವವರೆಗೂ ಇಬ್ಬರೂ ಟಿವಿ ನೋಡಿದೆವು. ಆಮೇಲೆ ಮೇಷ್ಟ್ರು ಪಿಸುದನಿಯಲ್ಲಿ ಹೇಳಿದರು: "ಅಂಕಿ ತಾಳೆ ಆಗದ್ದು ಅದೊಂದೇ ಅಂತ ಪತ್ರಿಕೇಲಿ ಬಂದ ದಿನವೇ ನಾಲ್ಕನೇ ವಲಯ ನಿಲ್ಲಿಸಿದ್ದಾರೆ. ಅವಳ ನಂಬರು ಈಗ ಇಲ್ಲ. ನನಗೆ ಅಷ್ಟು ಸಾಕು. ನೀನು ಸಹಿ ಹಾಕಿಬಿಡಮ್ಮ. ನಕಲಿ ಅಂತಲೇ ಇರಲಿ. ಸೋಮವಾರದ ತನಕ ಕಾಯದೆ ನಾನು ನಿನ್ನೆಯೇ ಹಾಕಿ ಬಂದೆ."

"ಬಾಕಿ ನಾಲ್ಕು ವಲಯ?"

"ನಿನಗೂ ಸಂಸಾರ ಇದೆ" ಎಂದರು. ಬುದ್ಧಿಮಾತೋ ಬೆದರಿಕೆಯೋ ತಿಳಿಯಲಿಲ್ಲ.

ದಾರಿಯುದ್ದಕ್ಕೂ ಅವರ ಮೇಲೆ ಕುದಿಯುತ್ತಲೇ ಬಂದೆ. ಮನೆ ಹತ್ತಿರವಾದಂತೆ ಆ ಕುದಿತದ ಮೇಲೂ ಅನುಮಾನ ಬಂತು. ಅವರ ಉದ್ದೇಶ ಕೊಳಕೆಂದು ಸಾಧಿಸಿಬಿಟ್ಟರೆ ನಾನು ಸುಮ್ಮನಿದ್ದ ಮೂರು ವರ್ಷ ಹಗುರವಾಗುತ್ತದೆ, ಅಷ್ಟೇ ತಾನೆ? ಥರ್ಮಾಮೀಟರ್ ಹಿಡಿದವನು ಎಂಥವನಾದರೂ ಜ್ವರದ ಡಿಗ್ರಿ ಬದಲಾಗುವುದಿಲ್ಲ. 18,406 ಮನೆಗಳ ಮಾತು ಯಾರೋ ಕೇಳಿದ್ದು ನಿಜ. ಅದು ಸುಳ್ಳೆಂದು ಸಾಧಿಸಲು ಈಗ ಉಳಿದಿರುವ ಒಂದೇ ಆಧಾರ ನನ್ನ ಹಲ್ಲುನೋವಿನ ದಿನದ ಟೈಪಿಂಗ್ ತಪ್ಪು. ಸಹಿ ಹಾಕದಿದ್ದರೆ ಸರಿಯಾದ ಅಂಕಿ ನನಗೆ ಗೊತ್ತಿತ್ತೆಂದು ಒಪ್ಪಿಕೊಂಡಂತೆ. ಆಗ ಮೇಷ್ಟ್ರು ಬಾಯಿ ಬಿಡದಿದ್ದರೆ ಜೈಲಿಗೆ ಹೋಗುವವಳು ನಾನು. ಹೆದರಿದ ಮನುಷ್ಯ, ಮಗಳಿದ್ದಾಳೆ. ಅವರೇ ನನ್ನ ಹೆಸರು ಹೇಳಿದರೂ ಆಶ್ಚರ್ಯವಿಲ್ಲ.

ಗಂಡನಿಗೆ ಎಲ್ಲ ಹೇಳಿದೆ. ಅವರು ಎದ್ದು ಹೋಗಿ ಕುಕ್ಕರಿನ ಮುಚ್ಚಳ ಗಟ್ಟಿಯಾಗಿದೆಯೇ ನೋಡಿ ಬಂದರು.

"ಮೂರು ವರ್ಷ ನನಗೂ ಹೇಳಲಿಲ್ಲ ನೀನು."

"ಇಲ್ಲ."

"ಈಗ ಅದೇನು ಮಾಡ್ತೀಯೋ ಮಾಡು. ಮಾಡೋಕೆ ಮುಂಚೆ ಹೇಳಿದೆಯಲ್ಲ, ಅಷ್ಟೇ ಸಾಕು" ಎಂದರು. ಮುಖ ಮಾತ್ರ ಗಂಟು ಹಾಕಿಕೊಂಡೇ ಇದ್ದರು.

ಸೋಮವಾರ ನಿರ್ದೇಶಕರ ಮೇಜಿನ ಮೇಲೆ ಪ್ರಮಾಣಪತ್ರವಿತ್ತು. ಕೆಳಗೆ ಮೇಷ್ಟ್ರ ಸಹಿ, ಒಂದಕ್ಷರವೂ ಅಲುಗದೆ. ಅದರ ಪಕ್ಕದ ಖಾಲಿ ಜಾಗದಲ್ಲಿ ನಾನು ಬರೆದೆ: 'ಇಲಾಖೆಯ ಪಟ್ಟಿಯ ನಾಲ್ಕನೇ ಸಾಲನ್ನು ನಾನು ತಪ್ಪಾಗಿ ಟೈಪ್ ಮಾಡಿದ್ದೇನೆ. ಸರಿಯಾದ ಅಂಕಿ 2,374. ಪತ್ರಿಕೆಯ ಪಟ್ಟಿ ನಮ್ಮದೇ.' ಅದರಡಿ ಸಹಿ, ದಿನಾಂಕ.

ನಿರ್ದೇಶಕರು ಎರಡು ಸಲ ಓದಿದರು.

"ಹಾಳೆ ಎಲ್ಲ ಕತ್ತರಿಸಿ ಹಾಕಿದ್ದೀವಿ. ಇದಕ್ಕೆ ಸಾಕ್ಷಿ ಏನು?"

"ನಾನೇ ಸಾರ್."

"ಹಾಗಾದರೆ ಕೊಟ್ಟವರೂ ನೀವೇ."

"ನಾನು ಕೊಟ್ಟಿಲ್ಲ."

"ಮತ್ಯಾರು?"

"ಗೊತ್ತಿಲ್ಲ" ಎಂದೆ. ಆ ಕೋಣೆಯಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು. ಎಷ್ಟು ಸಲೀಸಾಗಿ ಬಂತೆಂದು ನನಗೇ ಗಾಬರಿಯಾಯಿತು.

ಅವರು ಹೊಸ ಪ್ರಮಾಣಪತ್ರ ಟೈಪ್ ಮಾಡಿಸಲಿಲ್ಲ. ನನ್ನ ಗುರುತಿನ ಚೀಟಿ ತೆಗೆದುಕೊಂಡು ಹೊರಗಿನ ಬೆಂಚಿನಲ್ಲಿ ಕೂರಲು ಹೇಳಿದರು. ಭದ್ರತೆಯವರಿಬ್ಬರು ಬಂದು ನನ್ನ ಎದುರಿನ ಗೋಡೆಗೆ ಒರಗಿ ನಿಂತರು. ಐದು ನಿಮಿಷಕ್ಕೆ ಮೇಷ್ಟ್ರನ್ನು ಕರೆದರು. ನನ್ನ ಮುಂದಿನಿಂದಲೇ ಒಳಗೆ ಹೋದರು, ನನ್ನ ಕಡೆ ನೋಡಲಿಲ್ಲ. ಬಾಗಿಲು ಮುಚ್ಚಿತು.

ಒಳಗಿನ ಮಾತು ಕೇಳಿಸುವಂತಿರಲಿಲ್ಲ. ಸಹಿ ಹಾಕಿದ ಮನುಷ್ಯ ಸಹಿಗೆ ಅಂಟಿಕೊಂಡರೆ ಮುಗಿಯಿತು: ನಾನು ಕಳ್ಳಿ, ಪಟ್ಟಿ ನಕಲಿ. ಜೈಲು ಎಷ್ಟು ವರ್ಷವೆಂದು ಕಾನೂನಿನ ಸೆಕ್ಷನ್ ನೆನಪಿಸಿಕೊಳ್ಳಲು ನೋಡಿದೆ. ಸೆಕ್ಷನ್ ನಂಬರು ನೆನಪಾಯಿತು, ವರ್ಷ ನೆನಪಾಗಲಿಲ್ಲ.

ಇಪ್ಪತ್ತು ನಿಮಿಷದ ಮೇಲೆ ಮೇಷ್ಟ್ರು ಹೊರಬಂದರು. ಅವರ ಕುತ್ತಿಗೆಯಲ್ಲೂ ಗುರುತಿನ ಚೀಟಿ ಇರಲಿಲ್ಲ. ಬೆಂಚಿನ ಹತ್ತಿರ ಬಂದು ನಿಂತರು.

"ನಾಲ್ಕನೇ ಸಾಲು ಎಷ್ಟು ಅಂತ ಕೇಳಿದರು. ಸರಿಯಾದ್ದನ್ನೇ ಹೇಳಿದೆ. ಸಹಿ ಹಾಕಿದ್ದು ಸುಳ್ಳು ಅಂತಾನೂ ಬರೆದುಕೊಟ್ಟೆ" ಎಂದರು. "ಪತ್ರಿಕೆಗೆ ಯಾರು ಕೊಟ್ಟದ್ದು ಅಂತಲೂ ಹೇಳಿಬಿಟ್ಟೆ."

ನಾನು ದಡಕ್ಕನೆ ಎದ್ದು ನಿಂತೆ. "ಯಾರು ಅಂತ ಹೇಳಿದಿರಿ?"

ಮೇಷ್ಟ್ರು ನನ್ನನ್ನು ನೋಡಿದರು. ಹನ್ನೊಂದು ವರ್ಷ ನಾನು ಓದಿದ ಪ್ರತಿ ಅಂಕಿಯನ್ನೂ ಮರುಪ್ರಶ್ನೆ ಹಾಕದೆ ಗುರುತು ಹಾಕಿದ ಮನುಷ್ಯ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಕಪಾಳಕ್ಕೆ ಹೊಡೆಸಿಕೊಂಡವರ ಅಚ್ಚರಿಯಿತ್ತು.

ಗೋಡೆಗೆ ಒರಗಿದ್ದ ಇಬ್ಬರೂ ಮುಂದೆ ಬಂದು ಅವರ ಎಡಕ್ಕೊಬ್ಬ ಬಲಕ್ಕೊಬ್ಬ ನಿಂತರು. ಅವರಲ್ಲೊಬ್ಬ, "ನೀವು ಸ್ವಲ್ಪ ಸರೀರಿ ಮೇಡಂ, ದಾರಿ ಬಿಡಿ" ಎಂದ. ನಾನು ಸರಿದು ನಿಂತೆ.